ವಾರಾಂತ್ಯದ ಪ್ರವಾಸಿ ಮತ್ತು ಅವರ ಕ್ಯಾಮೆರಾ: ನಾಲ್ಕು ತಾಲ್ಲೂಕುಗಳ ವ್ಯಾಪಾರಕ್ಕೊಂದು ಅವಕಾಶ

ಪ್ರವಾಸೋದ್ಯಮ ಎಂದೊಡನೆ ವಿಜಯಪುರ ಜಿಲ್ಲೆಯ ವ್ಯಾಪಾರಸ್ಥರ ಕಣ್ಣೆದುರು ಬರುವುದು ಗೋಲಗುಂಬಜ, ವಿದೇಶಿ ಯಾತ್ರಿಕರು ಹಾಗೂ ಜಿಲ್ಲಾ ಕೇಂದ್ರದ ದೊಡ್ಡ ಹೋಟೆಲುಗಳು. ಇಂಡಿಯ ಕಿರಾಣಿ ವ್ಯಾಪಾರಿಗೂ, ಸಿಂದಗಿಯ ಖಾನಾವಳಿ ಮಾಲೀಕರಿಗೂ, ಮುದ್ದೇಬಿಹಾಳದ ಸ್ಟುಡಿಯೋದವರಿಗೂ, ಬಸವನಬಾಗೇವಾಡಿಯಲ್ಲಿ ಶೇಂಗಾ ಚಟ್ನಿ ತಯಾರಿಸುವ ಗೃಹೋದ್ಯಮಕ್ಕೂ ಈ ವಿಷಯದೊಂದಿಗೆ ಸಂಬಂಧವಿಲ್ಲವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆದರೆ ಕಳೆದ ಎರಡು ದಶಕಗಳಲ್ಲಿ ರಸ್ತೆಗಳ ಮೇಲೆ ಬೇರೊಂದು ಬಗೆಯ ಪ್ರವಾಸಿ ಕಾಣಿಸಿಕೊಂಡಿದ್ದಾರೆ. ಶನಿವಾರ ಅಥವಾ ಭಾನುವಾರ ನಸುಕಿನಲ್ಲಿ ಸ್ವಂತ ವಾಹನದಲ್ಲಿ ಹೆಂಡತಿ ಮಕ್ಕಳು, ತಂದೆ ತಾಯಿಯರೊಂದಿಗೆ ಹೊರಟು, ಕ್ಯಾಮೆರಾ ಅಥವಾ ಉತ್ತಮ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಸೆರೆಹಿಡಿದು ರಾತ್ರಿಯೊಳಗೆ ಮನೆ ಸೇರುವ ಹವ್ಯಾಸಿ ಛಾಯಾಗ್ರಾಹಕರು ಇವರು. ಇವರು ಈ ತಾಲ್ಲೂಕುಗಳನ್ನು ಹಾದು ಹೋಗುತ್ತಾರೆ. ಆದರೆ ಇಲ್ಲಿಯ ಪೇಟೆಯಲ್ಲಿ ನಿಲ್ಲುವುದು ಕಡಿಮೆ. ಹೀಗೇಕೆ ಆಗುತ್ತದೆ, ಅವರನ್ನು ನಿಲ್ಲಿಸಲು ಸಣ್ಣ ವ್ಯಾಪಾರಿ ಏನು ಮಾಡಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟೆ, ಕೊಲ್ಹಾರ ಮತ್ತು ನಿಡಗುಂದಿಗಳು ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾಗಿವೆ. ವ್ಯಾಪಾರದ ಸಂಬಂಧಗಳು ಹಳೆಯ ಗಡಿಗಳನ್ನೇ ಅನುಸರಿಸುತ್ತಿರುವುದರಿಂದ ಇಲ್ಲಿ ನಾಲ್ಕು ತಾಲ್ಲೂಕುಗಳೆಂದರೆ ಅವುಗಳ ಹಿಂದಿನ ವ್ಯಾಪ್ತಿಯೆಂದೇ ತಿಳಿಯಬೇಕು.

ಈ ಗ್ರಾಹಕರು ಯಾರು?

ಹವ್ಯಾಸಿ ಛಾಯಾಗ್ರಾಹಕರೆಂದರೆ ಚಿತ್ರ ತೆಗೆದು ಹಣ ಸಂಪಾದಿಸುವವರಲ್ಲ. ಬ್ಯಾಂಕಿನ ನೌಕರರು, ಶಿಕ್ಷಕರು, ವೈದ್ಯರು, ಸಾಫ್ಟ್‌ವೇರ್ ಕಂಪನಿಗಳ ಉದ್ಯೋಗಿಗಳು, ವ್ಯಾಪಾರಿಗಳು, ಹೀಗೆ ಬೇರೊಂದು ಕಸುಬಿನಿಂದ ಜೀವನ ನಡೆಸಿ ಬಿಡುವಿನಲ್ಲಿ ಈ ಹವ್ಯಾಸ ಇಟ್ಟುಕೊಂಡವರು. ಸೊಲ್ಲಾಪುರ, ಕಲಬುರಗಿ, ಬಾಗಲಕೋಟೆ ಹಾಗೂ ವಿಜಯಪುರ ನಗರಗಳ ಕುಟುಂಬಗಳಿಗೆ ಈ ನಾಲ್ಕು ತಾಲ್ಲೂಕುಗಳು ಒಂದು ದಿನದ ಪ್ರಯಾಣದ ಅಂತರದಲ್ಲಿವೆ. ವಿಜಯಪುರದಿಂದ ಬಸವನಬಾಗೇವಾಡಿ ಸುಮಾರು 43 ಕಿಲೋಮೀಟರು, ಇಂಡಿ ಸುಮಾರು 55, ಸಿಂದಗಿ ಸುಮಾರು 60 ಹಾಗೂ ಮುದ್ದೇಬಿಹಾಳ ಸುಮಾರು 80 ಕಿಲೋಮೀಟರು. ಇವರಲ್ಲದೆ ಪುಣೆ, ಬೆಂಗಳೂರುಗಳಲ್ಲಿ ನೆಲೆಸಿ ಹಬ್ಬಕ್ಕೋ ಮದುವೆಗೋ ಊರಿಗೆ ಬಂದವರೂ ಮಕ್ಕಳಿಗೆ ತಮ್ಮ ನಾಡನ್ನು ತೋರಿಸಲು ಒಂದು ದಿನ ಹೊರಡುತ್ತಾರೆ.

ಇಂತಹ ಪ್ರಯಾಣದಲ್ಲಿ ಎರಡು ಬಗೆಯ ನಿರ್ಧಾರಗಳಿರುತ್ತವೆ. ಎಲ್ಲಿಗೆ ಹೋಗಬೇಕೆಂಬುದನ್ನು ಕ್ಯಾಮೆರಾ ಹಿಡಿದವರು ನಿರ್ಧರಿಸುತ್ತಾರೆ. ದಾರಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಜೊತೆಯಲ್ಲಿರುವ ಹೆಣ್ಣುಮಕ್ಕಳು, ಚಿಕ್ಕ ಮಕ್ಕಳು ಮತ್ತು ವೃದ್ಧರು ನಿರ್ಧರಿಸುತ್ತಾರೆ. ಒಂದು ಒಳ್ಳೆಯ ಚಿತ್ರಕ್ಕಾಗಿ ಛಾಯಾಗ್ರಾಹಕರು ಊಟವನ್ನು ಮರೆತು ಬಿಸಿಲಿನಲ್ಲಿ ನಿಂತಾರು. ಎಂಟು ವರ್ಷದ ಮಗುವಾಗಲಿ, ಎಪ್ಪತ್ತು ವರ್ಷದ ಅಜ್ಜಿಯಾಗಲಿ ನಿಲ್ಲಲಾರರು. ಹಣ ಖರ್ಚಾಗುವುದು ಈ ಎರಡನೆಯ ನಿರ್ಧಾರದ ಸ್ಥಳದಲ್ಲಿ. ಆದ್ದರಿಂದ ವ್ಯಾಪಾರಿಯ ನಿಜವಾದ ಗ್ರಾಹಕರು ವಾಹನದ ಹಿಂಬದಿಯ ಆಸನದಲ್ಲಿ ಕುಳಿತಿರುತ್ತಾರೆ.

ಫಿಲ್ಮಿನಿಂದ ಮೊಬೈಲಿಗೆ

ಛಾಯಾಗ್ರಹಣಕ್ಕೂ ಕುಟುಂಬದ ವಿಹಾರಕ್ಕೂ ಇರುವ ನಂಟು ವ್ಯಾಪಾರದ ಜಾಣ್ಮೆಯಿಂದಲೇ ಬೆಳೆದದ್ದು. ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೂರು ಚಿತ್ರಗಳ ಫಿಲ್ಮು ತುಂಬಿದ ಕೊಡಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದರು. 1900ರಲ್ಲಿ ಅದೇ ಕಂಪನಿಯ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾ ಒಂದೇ ಡಾಲರಿಗೆ ದೊರೆಯತೊಡಗಿತು. ಲಾಭ ಇದ್ದದ್ದು ಕ್ಯಾಮೆರಾದಲ್ಲಲ್ಲ, ಮತ್ತೆ ಮತ್ತೆ ಕೊಳ್ಳಬೇಕಾದ ಫಿಲ್ಮಿನಲ್ಲಿ. ಆದ್ದರಿಂದ ರಜೆ, ಪ್ರವಾಸ, ಮಕ್ಕಳ ಆಟ ಇವುಗಳನ್ನೇ ಜಾಹೀರಾತಿನ ವಸ್ತುವನ್ನಾಗಿ ಮಾಡಿ, ಕ್ಯಾಮೆರಾ ಇಲ್ಲದ ವಿಹಾರ ಅಪೂರ್ಣವೆಂಬ ಭಾವನೆಯನ್ನು ಕಂಪನಿ ಜನರಲ್ಲಿ ಬೆಳೆಸಿತು.

ಭಾರತದಲ್ಲಿ ಆಗ್ಫಾ ಕ್ಲಿಕ್-3ರಂತಹ ಸರಳ ಕ್ಯಾಮೆರಾಗಳು ಮಧ್ಯಮ ವರ್ಗದ ಮನೆಗಳನ್ನು ಸೇರಿದವು. ಒಂದು ಸುರುಳಿಗೆ 12 ಚಿತ್ರ. ಅನಂತರ 36 ಚಿತ್ರಗಳ 35 ಮಿಲಿಮೀಟರ್ ಸುರುಳಿ ಸಾಮಾನ್ಯವಾಯಿತು. ಊಟಿಯಲ್ಲಿದ್ದ ಸರ್ಕಾರಿ ಸ್ವಾಮ್ಯದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 'ಇಂದು' ಹೆಸರಿನಲ್ಲಿ ಫಿಲ್ಮು ಮಾರುತ್ತಿತ್ತು. ಆ ಕಾಲದಲ್ಲಿ ಒಂದು ಕುಟುಂಬ ಪ್ರವಾಸ ಹೋಗಿ ಬಂದರೆ ಊರಿನ ಸ್ಟುಡಿಯೋಗೆ ನಾಲ್ಕು ಬಾರಿ ವ್ಯಾಪಾರ: ಮೊದಲು ಸುರುಳಿ, ಆಮೇಲೆ ಸಂಸ್ಕರಣೆ, ಬಳಿಕ ಮುದ್ರಣ, ಕೊನೆಗೆ ಆಲ್ಬಂ. ಡಿಜಿಟಲ್ ಕ್ಯಾಮೆರಾ ಮತ್ತು ಮೊಬೈಲುಗಳು ಈ ಸರಪಳಿಯನ್ನು ಕಡಿದವು. ಕೊಡಾಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ತಾಲ್ಲೂಕು ಕೇಂದ್ರಗಳ ಸ್ಟುಡಿಯೋಗಳು ಮದುವೆ, ಶಾಲಾ ಸಮಾರಂಭಗಳ ಕೆಲಸದ ಮೇಲೆ ನಿಲ್ಲಬೇಕಾಯಿತು.

ಆದರೆ ಇದೇ ಬದಲಾವಣೆ ಇತರ ವ್ಯಾಪಾರಿಗಳಿಗೆ ಹೊಸ ಲಾಭವನ್ನು ತಂದಿದೆ. ಹಿಂದೆ ಪ್ರವಾಸದ ಆಲ್ಬಂ ನೋಡುತ್ತಿದ್ದವರು ಮನೆಗೆ ಬಂದ ಹತ್ತಾರು ನೆಂಟರು. ಇಂದು ಆಲಮಟ್ಟಿಯ ಬಳಿ ತೆಗೆದ ಚಿತ್ರ ಅದೇ ಸಂಜೆ ನೂರಾರು ಮೊಬೈಲುಗಳನ್ನು ತಲುಪುತ್ತದೆ, "ಇದು ಎಲ್ಲಿ? ಊಟ ಎಲ್ಲಿ ಮಾಡಿದಿರಿ?" ಎಂಬ ಪ್ರಶ್ನೆಗಳು ಬರುತ್ತವೆ. ಆ ಎರಡನೆಯ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಯಾವ ಊರಿನ, ಯಾವ ಅಂಗಡಿಯ ಹೆಸರಿರುತ್ತದೆಯೋ ಅದಕ್ಕೆ ಖರ್ಚಿಲ್ಲದ ಪ್ರಚಾರ ದೊರೆಯುತ್ತದೆ.

ನಾಲ್ಕು ತಾಲ್ಲೂಕುಗಳಲ್ಲಿ ಅವರು ನೋಡುವುದೇನು?

ವಿಜಯಪುರ ನಗರದ ಛಾಯಾಚಿತ್ರಗಳಿಗೆ ಒಂದೂವರೆ ಶತಮಾನಕ್ಕೂ ಮಿಕ್ಕ ಚರಿತ್ರೆಯಿದೆ. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಇಲ್ಲಿಯ ಸ್ಮಾರಕಗಳ ಚಿತ್ರಗಳನ್ನು ತೆಗೆದಿದ್ದರು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹಗಳೊಂದಿಗೆ ಅವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ನಾಲ್ಕು ತಾಲ್ಲೂಕುಗಳಿಗೆ ಅಂತಹ ಪ್ರಸಿದ್ಧಿ ಬಂದಿಲ್ಲ. ಇಲ್ಲಿ ಒಂದೊಂದೂ ಗಂಟೆ ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದಾದ ತಾಣಗಳು. ಒಟ್ಟುಗೂಡಿಸಿದರೆ ಮಾತ್ರ ಒಂದು ದಿನ ತುಂಬುತ್ತದೆ.

ಬಸವನಬಾಗೇವಾಡಿಯು ಬಸವಣ್ಣನವರ ಜನ್ಮಸ್ಥಳ. ಬಸವೇಶ್ವರ ದೇವಾಲಯ ಮತ್ತು ಜನ್ಮಸ್ಮಾರಕ ಇಲ್ಲಿವೆ. ಸಮೀಪದ ಇಂಗಳೇಶ್ವರದಲ್ಲಿ ವಚನಗಳನ್ನು ಶಿಲೆಯಲ್ಲಿ ಕೆತ್ತಿಸಿದ ಮಂಟಪವಿದೆ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ಈ ಕ್ಷೇತ್ರದ ಮಹತ್ವ ಇನ್ನಷ್ಟು ಹೆಚ್ಚಿದೆ. ದಕ್ಷಿಣಕ್ಕೆ ನಿಡಗುಂದಿಯ ಬಳಿ ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಈ ಜಲಾಶಯವನ್ನು 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. 123 ಟಿ.ಎಂ.ಸಿ. ಅಡಿ ನೀರಿನ ಸಾಮರ್ಥ್ಯ, ರಾಕ್ ಗಾರ್ಡನ್, ಸಂಗೀತ ಕಾರಂಜಿಗಳಿಂದ ಇದು ಕುಟುಂಬಗಳನ್ನು ಅತಿಹೆಚ್ಚು ಸೆಳೆಯುವ ತಾಣವಾಗಿದೆ. ಬಾಗಲಕೋಟೆ ಜಿಲ್ಲೆಗೆ ಸೇರಿದ ಕೂಡಲಸಂಗಮವನ್ನೂ ಬಹುತೇಕರು ಅದೇ ದಿನ ನೋಡುತ್ತಾರೆ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಕೃಷ್ಣಾ ತೀರದ ನೀಲಮ್ಮನವರ ಐಕ್ಯಸ್ಥಳವಿದೆ. 1565ರ ಜನವರಿಯಲ್ಲಿ ವಿಜಯನಗರಕ್ಕೂ ದಖ್ಖನ್ನಿನ ಸುಲ್ತಾನರಿಗೂ ನಡೆದ ನಿರ್ಣಾಯಕ ಯುದ್ಧದ ಹೆಸರಿನಲ್ಲಿಯೂ ರಕ್ಕಸಗಿಯೊಡನೆ ತಂಗಡಗಿ ಸೇರಿದೆ. ಅದೇ ಯುದ್ಧಕ್ಕೆ ತಾಳಿಕೋಟೆಯ ಹೆಸರೂ ಇದೆ. ನಾರಾಯಣಪುರದ ಬಸವಸಾಗರ ಜಲಾಶಯಕ್ಕೂ ಛಾಯಾ ಭಗವತಿ ಕ್ಷೇತ್ರಕ್ಕೂ ಹೋಗುವ ಅನೇಕರು ಮುದ್ದೇಬಿಹಾಳದ ಮೂಲಕವೇ ಸಾಗುತ್ತಾರೆ.

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕ್ರಿ.ಶ. 945ರ ಶಾಸನ ದೊರೆತಿದೆ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಓದುತ್ತಿದ್ದ ವಿದ್ಯಾಕೇಂದ್ರವೊಂದರ ವಿವರ ಅದರಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರ ಊರು ಇಲ್ಲಿದೆ; ಜವಳಿ ವ್ಯಾಪಾರಕ್ಕೆ ಹೆಸರಾದ ಚಡಚಣ, ಲಿಂಬೆಯ ತೋಟಗಳು, ಭೀಮೆಯ ದಂಡೆಗಳೂ ಇಲ್ಲಿವೆ. ವಿಜಯಪುರದಿಂದ ಕಲಬುರಗಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದೇವರ ಹಿಪ್ಪರಗಿಯ ಮಲ್ಲಯ್ಯನ ಗುಡಿ, ಅನಂತರ ಸಿಂದಗಿ. ಇವೆಲ್ಲಕ್ಕೂ ಹಿನ್ನೆಲೆಯಾಗಿ ಎರೆಭೂಮಿಯ ವಿಸ್ತಾರವಾದ ಬಯಲು: ಚಳಿಗಾಲದ ಬಿಳಿಜೋಳದ ತೆನೆ, ತೊಗರಿಯ ಹಳದಿ ಹೂ, ಕುಸುಬಿಯ ಕೇಸರಿ. ನಗರದ ಹವ್ಯಾಸಿಗಳಿಗೆ ಸ್ಮಾರಕದಷ್ಟೇ ಈ ಬಯಲೂ ಚಿತ್ರಯೋಗ್ಯ.

ಬೆಳಕಿನ ಗಡಿಯಾರ, ಅಂಗಡಿಯ ಗಡಿಯಾರ

ಈ ಗ್ರಾಹಕರ ದಿನಚರಿಯನ್ನು ಅರಿಯಲು ಬೆಳಕಿನ ಗುಣವನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಬೆಳಗ್ಗೆ ಮತ್ತು ಸಂಜೆ ಸೂರ್ಯನ ಕಿರಣಗಳು ಓರೆಯಾಗಿ ಬೀಳುತ್ತವೆ. ಹೆಚ್ಚು ವಾಯುಮಂಡಲವನ್ನು ಹಾದುಬರುವುದರಿಂದ ಬೆಳಕಿಗೆ ಹೊನ್ನಿನ ಬಣ್ಣ ಬರುತ್ತದೆ. ನೆರಳು ಉದ್ದವಾಗಿ ಶಿಲ್ಪದ ಕೆತ್ತನೆ, ಹೊಲದ ಸಾಲು, ಮುಖದ ಗೆರೆಗಳು ಸ್ಪಷ್ಟವಾಗುತ್ತವೆ. ಮಧ್ಯಾಹ್ನ ಸೂರ್ಯ ನೆತ್ತಿಯ ಸಮೀಪವಿರುವಾಗ ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದು ಮುಖಗಳು ಕೆಡುತ್ತವೆ, ಕಲ್ಲಿನ ಗೋಡೆ ಸಪಾಟಾಗಿ ಕಾಣುತ್ತದೆ, ದಿಗಂತ ಮಸುಕಾಗುತ್ತದೆ. ಆದ್ದರಿಂದ ಹವ್ಯಾಸಿಗಳು ಬೆಳಗಿನ ಎರಡು ಮೂರು ಗಂಟೆ ಹಾಗೂ ಸಂಜೆಯ ಎರಡು ಗಂಟೆ ಚಿತ್ರಕ್ಕೆ ಮೀಸಲಿಟ್ಟು, ನಡುವಿನ ಅವಧಿಯಲ್ಲಿ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸುತ್ತಾರೆ.

ಜನವರಿಯಲ್ಲಿ ಈ ಭಾಗದಲ್ಲಿ ಸೂರ್ಯೋದಯ ಬೆಳಗಿನ 7 ಗಂಟೆಯ ಆಸುಪಾಸು, ಸೂರ್ಯಾಸ್ತ ಸಂಜೆ 6 ಗಂಟೆಯ ಬಳಿಕ. ಸೂರ್ಯೋದಯಕ್ಕೆ ತಾಣದಲ್ಲಿರಬೇಕಾದವರು ಮನೆಯನ್ನು ಬಿಡುವುದು 5 ಗಂಟೆಗೆ. ಅವರ ದಿನ ಹೀಗೆ ಹಂಚಿಹೋಗುತ್ತದೆ:

ಬೆಳಗ್ಗೆ 6 ರಿಂದ 7: ಚಹ, ಶೌಚಾಲಯ.
ಬೆಳಗ್ಗೆ 7 ರಿಂದ 9.30: ಚಿತ್ರಗಳು.
ಬೆಳಗ್ಗೆ 9.30 ರಿಂದ 10.30: ಉಪಾಹಾರ.
ಬೆಳಗ್ಗೆ 11 ರಿಂದ ಮಧ್ಯಾಹ್ನ 3.30: ನೆರಳು, ದೇವರ ದರ್ಶನ, ಊಟ, ಖರೀದಿ.
ಸಂಜೆ 4 ರಿಂದ 6.30: ಮತ್ತೆ ಚಿತ್ರಗಳು, ಆಮೇಲೆ ಚಹ, ಮಿರ್ಚಿ ಭಜಿ, ಮರಳುವ ಪ್ರಯಾಣ.

ವ್ಯಾಪಾರದ ದೃಷ್ಟಿಯಿಂದ ಮುಖ್ಯವಾದದ್ದು 11 ರಿಂದ 3.30ರವರೆಗಿನ ನಾಲ್ಕೂವರೆ ಗಂಟೆ. ಆಗ ಕುಟುಂಬಕ್ಕೆ ಮಾಡಲು ಬೇರೆ ಕೆಲಸವಿಲ್ಲ, ಹಸಿವೆಯಿದೆ, ಕೈಯಲ್ಲಿ ಹಣವಿದೆ. ಆದರೆ ಅದೇ ಭಾನುವಾರ ಮಧ್ಯಾಹ್ನ ತಾಲ್ಲೂಕು ಕೇಂದ್ರಗಳ ಅನೇಕ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಬೆಳಗಿನ 6 ಗಂಟೆಗೂ ಇದೇ ಸ್ಥಿತಿ. ಗ್ರಾಹಕರ ಗಡಿಯಾರಕ್ಕೂ ಪೇಟೆಯ ಗಡಿಯಾರಕ್ಕೂ ಹೊಂದಿಕೆಯಿಲ್ಲದಿರುವುದೇ ಹಣ ಊರ ಹೊರಗಿನಿಂದಲೇ ಸಾಗಿಹೋಗಲು ಮೊದಲ ಕಾರಣ.

ವಾಹನ ನಿಲ್ಲದಿರಲು ಇತರ ಕಾರಣಗಳು

ಎರಡನೆಯದು ಹೆದ್ದಾರಿಯ ಸ್ವರೂಪ. ಚತುಷ್ಪಥ ರಸ್ತೆಗಳು ಊರಿನ ಹೊರಗಿನಿಂದ ಹಾದುಹೋಗುತ್ತವೆ. ಮೊದಲು ಬಸ್ ನಿಲ್ದಾಣದ ಎದುರು ಎತ್ತಿನ ಬಂಡಿಗಳ ನಡುವೆ ನಿಧಾನಿಸಲೇಬೇಕಾಗಿದ್ದ ಕಾರು ಈಗ ಊರನ್ನು ಕಾಣದೆಯೇ ಮುಂದೆ ಹೋಗುತ್ತದೆ. ಪೇಟೆಯೊಳಗೆ ಏನಿದೆ ಎಂದು ಹೇಳುವ ಫಲಕ ಕೂಡುರಸ್ತೆಯಲ್ಲಿ ಇಲ್ಲದಿದ್ದರೆ ಹೊರಗಿನವರಿಗೆ ತಿಳಿಯುವ ಬಗೆಯಿಲ್ಲ.

ಮೂರನೆಯದು ಶೌಚಾಲಯ. ಹೆಣ್ಣುಮಕ್ಕಳು ಮತ್ತು ವೃದ್ಧರಿರುವ ಕುಟುಂಬ ಎಲ್ಲಿ ನಿಲ್ಲಬೇಕೆಂಬುದನ್ನು ಊಟದ ರುಚಿಗಿಂತ ಮೊದಲು ಶುಚಿಯಾದ ಶೌಚಾಲಯ ನಿರ್ಧರಿಸುತ್ತದೆ. ಅದಿಲ್ಲದ ಖಾನಾವಳಿಯ ರೊಟ್ಟಿ ಎಷ್ಟೇ ರುಚಿಯಾಗಿದ್ದರೂ ಕಾರು ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗುತ್ತದೆ. ಅಲ್ಲಿ ಬಿಸ್ಕತ್ತಿನ ಪೊಟ್ಟಣದೊಂದಿಗೆ ಅಂದಿನ ಖರೀದಿ ಮುಗಿಯುತ್ತದೆ.

ನಾಲ್ಕನೆಯದು ಸರಕಿನ ಸ್ವರೂಪ. ಲಿಂಬೆ, ಒಣದ್ರಾಕ್ಷಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಇವೆಲ್ಲ ಈ ಭಾಗದಲ್ಲಿ ದೊರೆಯುತ್ತವೆ. ಆದರೆ ಪೇಟೆಯಲ್ಲಿ ಅವು ಸಗಟು ಚೀಲದಲ್ಲಿಯೋ ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿಯೋ ಇರುತ್ತವೆ. ನೆರೆಮನೆಗೆ, ಕಚೇರಿಯ ಗೆಳೆಯರಿಗೆ ಕೊಡಲು ತಕ್ಕ ರೂಪದಲ್ಲಿ ಇಲ್ಲದ ವಸ್ತುವನ್ನು ಪ್ರವಾಸಿ ಕೊಳ್ಳುವುದಿಲ್ಲ.

ಕೊಲ್ಹಾರದ ಮೊಸರು ಹೇಳುವ ಪಾಠ

ವಾಹನವನ್ನು ನಿಲ್ಲಿಸುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಉದಾಹರಣೆ ಈ ತಾಲ್ಲೂಕುಗಳಲ್ಲಿಯೇ ಇದೆ. ವಿಜಯಪುರದಿಂದ ಹುಬ್ಬಳ್ಳಿಯತ್ತ ಹೋಗುವ ರಸ್ತೆಯಲ್ಲಿ ಕೃಷ್ಣೆಯ ಹಿನ್ನೀರಿಗೆ ಕಟ್ಟಿದ ಉದ್ದನೆಯ ಕೊಲ್ಹಾರ-ಕೊರ್ತಿ ಸೇತುವೆಯ ಬಳಿಯ ಊರು ಕೊಲ್ಹಾರ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿಸಿದ ಇಲ್ಲಿಯ ಗಟ್ಟಿ ಮೊಸರು ಉತ್ತರ ಕರ್ನಾಟಕದಾದ್ಯಂತ ಹೆಸರಾಗಿದೆ. ಮೊಸರು ಎಲ್ಲ ಊರಿನಲ್ಲಿಯೂ ಸಿಗುತ್ತದೆ; ಆದರೂ ಪ್ರಯಾಣಿಕರು ಕೊಲ್ಹಾರದಲ್ಲಿ ವಾಹನ ನಿಲ್ಲಿಸುತ್ತಾರೆ.

ಇದರ ಹಿಂದಿರುವ ಅಂಶಗಳನ್ನು ಬಿಡಿಸಿ ನೋಡಬಹುದು. ವಸ್ತುವಿಗೆ ಊರಿನ ಹೆಸರು ಅಂಟಿಕೊಂಡಿದೆ. ಗಡಿಗೆಯು ಪೊಟ್ಟಣವೂ ಹೌದು, ಗುರುತೂ ಹೌದು. ಅದನ್ನು ರಸ್ತೆಯ ಬದಿಯಲ್ಲಿಯೇ ಮಾರುತ್ತಾರೆ. ಒಳಪೇಟೆಗೆ ಹೋಗುವ ತೊಂದರೆಯಿಲ್ಲ. ಸಮೀಪದ ಸೇತುವೆ ಮತ್ತು ಹಿನ್ನೀರಿನ ನೋಟ ಚಿತ್ರ ತೆಗೆಯುವವರಿಗೆ ವಾಹನ ನಿಧಾನಿಸಲು ಇನ್ನೊಂದು ಕಾರಣ ಕೊಡುತ್ತದೆ. ಅಂದರೆ ಕಣ್ಣಿಗೆ ಒಂದು ನೋಟ, ಬಾಯಿಗೆ ಒಂದು ರುಚಿ, ಕೈಗೆ ಒಯ್ಯಲು ಒಂದು ವಸ್ತು, ಈ ಮೂರೂ ಒಂದೇ ಜಾಗದಲ್ಲಿ ಕೂಡಿದಾಗ ವ್ಯಾಪಾರ ನಡೆಯುತ್ತದೆ. ಉಳಿದ ಊರುಗಳಲ್ಲಿ ಮೂರೂ ಇವೆ, ಒಂದೆಡೆ ಕೂಡಿಲ್ಲ.

ಬೇರೆಡೆಯ ಅನುಭವ

ಫ್ರಾನ್ಸಿನ ಮಿಶಲಿನ್ ಟಯರು ಕಂಪನಿ 1900ರಲ್ಲಿ ವಾಹನ ಸವಾರರಿಗಾಗಿ ಒಂದು ಕೈಪಿಡಿಯನ್ನು ಉಚಿತವಾಗಿ ಹಂಚಿತು. ಟಯರು ಬದಲಿಸುವ ಬಗೆ, ದುರಸ್ತಿ ಮಾಡುವವರು, ಇಂಧನ ದೊರೆಯುವ ಸ್ಥಳ, ಉಳಿದುಕೊಳ್ಳುವ ಹೋಟೆಲು, ನಕಾಶೆ ಇವೆಲ್ಲ ಅದರಲ್ಲಿದ್ದವು. ಜನರು ಹೆಚ್ಚು ದೂರ ಹೋದರೆ ಟಯರು ಹೆಚ್ಚು ಸವೆಯುತ್ತದೆ, ಮಾರಾಟ ಹೆಚ್ಚುತ್ತದೆ ಎಂಬುದು ಅದರ ಸರಳ ಲೆಕ್ಕ. ಅದೇ ಕೈಪಿಡಿ ಇಂದು ಹೋಟೆಲುಗಳಿಗೆ ನಕ್ಷತ್ರ ನೀಡುವ ಜಗತ್ಪ್ರಸಿದ್ಧ ಪ್ರಕಟಣೆಯಾಗಿದೆ. ದಾರಿಯ ಮಾಹಿತಿ ಕೊಡುವುದೂ ವ್ಯಾಪಾರದ ಭಾಗವೆಂಬುದನ್ನು ಅದು ತೋರಿಸಿತು.

ಜಪಾನಿನಲ್ಲಿ 1993ರಿಂದ 'ಮಿಚಿ ನೋ ಎಕಿ', ಅಂದರೆ ರಸ್ತೆಬದಿಯ ನಿಲ್ದಾಣ, ಎಂಬ ವ್ಯವಸ್ಥೆ ಜಾರಿಯಲ್ಲಿದೆ. ದಿನದ 24 ಗಂಟೆಯೂ ತೆರೆದಿರುವ ಶೌಚಾಲಯ ಮತ್ತು ವಾಹನ ನಿಲುಗಡೆ, ಪ್ರದೇಶದ ಮಾಹಿತಿ, ಸ್ಥಳೀಯ ರೈತರ ಹಾಗೂ ಕಿರು ಉದ್ಯಮಗಳ ಸರಕಿನ ಮಳಿಗೆ, ಇವು ಒಂದೇ ಆವರಣದಲ್ಲಿ ಇರುತ್ತವೆ. ಇಂತಹ ನಿಲ್ದಾಣಗಳ ಸಂಖ್ಯೆ ಅಲ್ಲಿ 1,200ನ್ನು ದಾಟಿದೆ. ಗ್ರಾಮೀಣ ಪ್ರದೇಶಗಳ ಎಷ್ಟೋ ತಿನಿಸುಗಳು ಅವುಗಳ ಮೂಲಕ ನಗರದ ಗ್ರಾಹಕರನ್ನು ತಲುಪಿವೆ.

ನೆರೆಯ ಮಹಾರಾಷ್ಟ್ರದಲ್ಲಿ ಚಳಿಗಾಲದಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಸುಟ್ಟು ತಿನ್ನುವ 'ಹುರಡಾ' ಕೂಟಕ್ಕೆ ನಗರದ ಕುಟುಂಬಗಳು ಹಣ ಕೊಟ್ಟು ಹೊಲಗಳಿಗೆ ಬರುತ್ತವೆ. ಈ ಭಾಗದಲ್ಲಿ ಅದೇ ಸೀತನಿಯನ್ನು ನೆಂಟರಿಗೆ ಉಚಿತವಾಗಿ ತಿನ್ನಿಸುವ ಪದ್ಧತಿಯಿದೆ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಎಲ್ಲರೂ ಕೂಡಿ ಉಣ್ಣುವ ಸಂಪ್ರದಾಯವಂತೂ ಕುಟುಂಬ ವಿಹಾರದ ಅತಿ ಹಳೆಯ ರೂಪ. ಹಬ್ಬವನ್ನು ಮಾರಾಟದ ವಸ್ತುವಾಗಿಸಬೇಕೆಂದು ಇದರ ಅರ್ಥವಲ್ಲ. ಆದರೆ ಹಬ್ಬದ ನಂತರದ ಐದಾರು ವಾರ ಹೊಲದಲ್ಲಿ ಸೀತನಿ, ಶೇಂಗಾ ಹೋಳಿಗೆ, ಮೊಸರು, ಜುಣಕ ಬಡಿಸುವ ವ್ಯವಸ್ಥೆಯನ್ನು ರೈತರೊಡನೆ ಕೂಡಿ ಖಾನಾವಳಿಯವರು ಮಾಡಬಹುದು. ತೆನೆ ತೂಗುವ ಹೊಲ ಕ್ಯಾಮೆರಾ ಹಿಡಿದವರಿಗೂ, ಸೀತನಿ ಮಕ್ಕಳಿಗೂ ಒಪ್ಪುತ್ತದೆ.

ಕೈಗೊಳ್ಳಬಹುದಾದ ಕ್ರಮಗಳು

1. ಭಾನುವಾರದ ಸರದಿ: ಎಲ್ಲ ಅಂಗಡಿಗಳೂ ಭಾನುವಾರ ತೆರೆಯಬೇಕಾಗಿಲ್ಲ. ಪ್ರತಿ ಪಟ್ಟಣದಲ್ಲಿ ಒಂದು ಖಾನಾವಳಿ, ಒಂದು ಕಿರಾಣಿ ಅಂಗಡಿ, ಒಂದು ಔಷಧಿ ಅಂಗಡಿ, ಒಂದು ಪಂಕ್ಚರ್ ಅಂಗಡಿ ಸರದಿಯಂತೆ ಬೆಳಗ್ಗೆ 6 ರಿಂದ ತೆರೆದಿದ್ದರೆ ಸಾಕು. ಕೆಲಸಗಾರರಿಗೆ ವಾರದ ರಜೆ ಕಾನೂನಿನ ಹಕ್ಕಾದ್ದರಿಂದ ಬೇರೊಂದು ದಿನ ರಜೆ ಕೊಡುವುದನ್ನು ಮರೆಯಬಾರದು.

2. ಶೌಚಾಲಯ ಮತ್ತು ನೆರಳು: ಒಬ್ಬೊಬ್ಬರೇ ಕಟ್ಟಿಸುವುದು ಭಾರವಾದರೆ ನಾಲ್ಕೈದು ಅಂಗಡಿಕಾರರು ಕೂಡಿ ಒಂದನ್ನು ನಿರ್ವಹಿಸಬಹುದು. ಕಟ್ಟಡಕ್ಕಿಂತ ನೀರು ಮತ್ತು ದಿನನಿತ್ಯದ ಶುಚಿತ್ವಕ್ಕೆ ಹಣ ಮೀಸಲಿಡುವುದು ಮುಖ್ಯ. ಒಂದು ಬೇವಿನ ಮರದ ಕೆಳಗೆ ಹತ್ತು ಕುರ್ಚಿಗಳಿದ್ದರೂ ಮಧ್ಯಾಹ್ನದ ಗ್ರಾಹಕರಿಗೆ ಅದೇ ಆಸರೆ.

3. ಊಟದ ಫಲಕ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಮೊಸರು, ಚಟ್ನಿಯ ಒಂದು ತಾಟಿಗೆ ನಿಗದಿತ ದರವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಬೇಕು. ಮಕ್ಕಳಿಗಾಗಿ ಖಾರ ಕಡಿಮೆಯಿರುವ ಒಂದು ಪಲ್ಯವಿರಲಿ. ಸೊಲ್ಲಾಪುರದ ಕಡೆಯ ಗ್ರಾಹಕರನ್ನು ನೆನೆದು ಕನ್ನಡದೊಡನೆ ಮರಾಠಿಯಲ್ಲಿಯೂ ಬರೆಸಿದರೆ ಅನುಕೂಲ.

4. ಒಯ್ಯಲು ತಕ್ಕ ಪೊಟ್ಟಣ: 100, 250 ಗ್ರಾಮಿನ ಚಟ್ನಿಪುಡಿ, ಮುರಿಯದಂತೆ ಪೆಟ್ಟಿಗೆಯಲ್ಲಿಟ್ಟ ಕಡಕ್ ರೊಟ್ಟಿ, ಸೋರದ ಡಬ್ಬಿಯ ಲಿಂಬೆ ಉಪ್ಪಿನಕಾಯಿ ಇಂಥವು ಕಾರಿನಲ್ಲಿ ಸುಲಭವಾಗಿ ಸಾಗುತ್ತವೆ. ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ವಿವರ ಇವು ಪೊಟ್ಟಣದ ಮೇಲಿರಬೇಕೆಂಬುದು ಕಾನೂನು ಮಾಪನ ನಿಯಮ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಕಡ್ಡಾಯ.

5. ಇಂಡಿ ಲಿಂಬೆಯ ಹೆಸರು: ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಈ ಗುರುತನ್ನು ಪೊಟ್ಟಣದ ಮೇಲೆ ಬಳಸಬಯಸುವವರು ಚೆನ್ನೈಯ ಭೌಗೋಳಿಕ ಸೂಚಕ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಮಾರ್ಗದರ್ಶನಕ್ಕೆ ಇಂಡಿಯಲ್ಲಿಯೇ ಇರುವ ಲಿಂಬೆ ಅಭಿವೃದ್ಧಿ ಮಂಡಳಿಯನ್ನು ವಿಚಾರಿಸಬಹುದು. ಬೇಸಿಗೆಯಲ್ಲಿ ಒಂದು ಲೋಟ ಲಿಂಬೆ ಶರಬತ್ತು ಕೊಟ್ಟು ಒಂದು ಡಜನ್ ಲಿಂಬೆ ಮಾರುವ ಗಾಡಿಯೂ ಈ ಹೆಸರಿನ ಬಲದಿಂದ ನಡೆದೀತು.

6. ನಕಾಶೆಯಲ್ಲಿ ಸ್ಥಾನ: ಇಂದಿನ ಪ್ರವಾಸಿ ದಾರಿ ಕೇಳುವುದು ಮೊಬೈಲಿನ ನಕಾಶೆಯನ್ನು. ಅಂಗಡಿಯ ಸರಿಯಾದ ಹೆಸರು, ತೆರೆದಿರುವ ವೇಳೆ, ದೂರವಾಣಿ, ಒಂದೆರಡು ಚಿತ್ರಗಳನ್ನು ಅದರಲ್ಲಿ ಸೇರಿಸಲು ಶುಲ್ಕವಿಲ್ಲ. ಯುಪಿಐ ಮೂಲಕ ಹಣ ಸ್ವೀಕರಿಸುವ ಸೌಲಭ್ಯವೂ ಇರಬೇಕು. ಹೆದ್ದಾರಿಯ ಅಂಚಿನಲ್ಲಿ ಫಲಕ ನಿಲ್ಲಿಸುವ ಮುನ್ನ ಸಂಬಂಧಪಟ್ಟ ಪ್ರಾಧಿಕಾರದ ಅನುಮತಿ ಪಡೆಯಬೇಕು.

7. ಒಂದು ಹಾಳೆಯ ಮಾರ್ಗಸೂಚಿ: ನಾಲ್ಕೂ ತಾಲ್ಲೂಕುಗಳ ವರ್ತಕರ ಸಂಘಗಳು ಕೂಡಿ ಎರಡು ಮಾರ್ಗಗಳನ್ನು ಮುದ್ರಿಸಬಹುದು. ವಿಜಯಪುರ, ಬಸವನಬಾಗೇವಾಡಿ, ಇಂಗಳೇಶ್ವರ, ಆಲಮಟ್ಟಿ, ಮುದ್ದೇಬಿಹಾಳ, ತಂಗಡಗಿ ಒಂದು. ವಿಜಯಪುರ, ದೇವರ ಹಿಪ್ಪರಗಿ, ಸಿಂದಗಿ, ಇಂಡಿ, ಸಾಲೋಟಗಿ, ಚಡಚಣ ಇನ್ನೊಂದು. ಯಾವ ಸ್ಥಳಕ್ಕೆ ಬೆಳಗಿನ ಬೆಳಕು ಒಳ್ಳೆಯದು, ಯಾವುದಕ್ಕೆ ಸಂಜೆಯದು, ನಡುವೆ ಊಟ ಎಲ್ಲಿ, ಶೌಚಾಲಯ ಎಲ್ಲಿ ಎಂಬ ವಿವರವಿದ್ದರೆ ಅದನ್ನು ಯಾರೂ ಎಸೆಯುವುದಿಲ್ಲ. ಪೆಟ್ರೋಲ್ ಬಂಕು ಮತ್ತು ಹೋಟೆಲುಗಳಲ್ಲಿ ಇದನ್ನು ಇಡಬಹುದು.

8. ಸ್ಟುಡಿಯೋಗಳ ಪಾತ್ರ: ಮೊಬೈಲಿನಲ್ಲಿರುವ ಚಿತ್ರವನ್ನು ಹತ್ತು ನಿಮಿಷದಲ್ಲಿ ಮುದ್ರಿಸಿ ಚೌಕಟ್ಟು ಹಾಕಿ ಕೊಡುವ ಸೇವೆಗೆ, ಮುಖ್ಯವಾಗಿ ಅಜ್ಜ ಅಜ್ಜಿಯರೊಂದಿಗಿನ ಕುಟುಂಬ ಚಿತ್ರಕ್ಕೆ, ಬೇಡಿಕೆಯಿದೆ. ಸ್ಥಳೀಯ ತಾಣಗಳ ಉತ್ತಮ ಚಿತ್ರಗಳನ್ನು ಕಾರ್ಡು, ಕ್ಯಾಲೆಂಡರುಗಳಾಗಿ ಮಾರುವುದನ್ನೂ ಪ್ರಯತ್ನಿಸಬಹುದು. ಪ್ರವಾಸಿಗರು ತೆಗೆದ ಚಿತ್ರವನ್ನು ಬಳಸುವುದಾದರೆ ಅವರ ಒಪ್ಪಿಗೆ ಪಡೆಯಬೇಕು. ಚಿತ್ರದ ಹಕ್ಕು ತೆಗೆದವರದು.

ಲೆಕ್ಕ ಮತ್ತು ಎಚ್ಚರಿಕೆ

ಈ ವ್ಯಾಪಾರ ಎಷ್ಟಾದೀತು ಎಂಬುದಕ್ಕೆ ಒಂದು ಊಹೆಯ ಲೆಕ್ಕವನ್ನು ಹಾಕಿ ನೋಡಬಹುದು. ಒಂದು ಪಟ್ಟಣದಲ್ಲಿ ಭಾನುವಾರ 25 ಕಾರುಗಳು ನಿಂತು, ಒಂದೊಂದು ಕುಟುಂಬವೂ 400 ರೂಪಾಯಿ ಖರ್ಚು ಮಾಡಿದರೆ ದಿನಕ್ಕೆ 10,000 ರೂಪಾಯಿ. ಬಿರುಬೇಸಿಗೆಯ ವಾರಗಳನ್ನು ಬಿಟ್ಟು 40 ಭಾನುವಾರ ಹಿಡಿದರೆ ವರ್ಷಕ್ಕೆ 4 ಲಕ್ಷ ರೂಪಾಯಿ. ಅಡತಿ ವ್ಯಾಪಾರದ ಮುಂದೆ ಇದು ಸಣ್ಣ ಮೊತ್ತ. ಆದರೆ ಇದು ಊರಿನೊಳಗೇ ಸುತ್ತುವ ಹಣವಲ್ಲ, ಹೊರಗಿನಿಂದ ಬರುವ ಹಣ. ಒಂದು ಖಾನಾವಳಿ, ಒಂದು ಮಹಿಳಾ ಸಂಘ, ಒಂದು ಸ್ಟುಡಿಯೋ ಹಂಚಿಕೊಂಡರೆ ಅವುಗಳ ಪಾಲಿಗೆ ಗಣನೀಯ.

ಋತುಮಾನವನ್ನೂ ಗಮನಿಸಬೇಕು. ಜುಲೈ, ಆಗಸ್ಟಿನಲ್ಲಿ ಜಲಾಶಯ ತುಂಬಿ ಗೇಟುಗಳಿಂದ ನೀರು ಬಿಡುವಾಗ ಆಲಮಟ್ಟಿಗೆ, ಶ್ರಾವಣದಲ್ಲಿ ಬಸವನಬಾಗೇವಾಡಿಗೆ ಜನ ಬರುತ್ತಾರೆ. ಅಕ್ಟೋಬರಿನಿಂದ ಫೆಬ್ರವರಿವರೆಗೆ ಹೊಲ ಹಸಿರಾಗಿ, ಹಿನ್ನೀರಿನ ಅಂಚಿಗೆ ವಲಸೆ ಹಕ್ಕಿಗಳು ಬರುವ ಕಾಲ. ಮಾರ್ಚಿನಿಂದ ಮೇ ತಿಂಗಳವರೆಗೆ ಬಿಸಿಲು 40 ಡಿಗ್ರಿ ದಾಟುವುದರಿಂದ ಪ್ರವಾಸ ವಿರಳ. ಆದ್ದರಿಂದ ಸಾಲ ಮಾಡಿ ವಸತಿಗೃಹ ಕಟ್ಟಿಸುವುದು ಮೊದಲ ಹೆಜ್ಜೆಯಾಗಬಾರದು. ಈ ಪ್ರವಾಸಿ ರಾತ್ರಿ ಉಳಿಯುವವರೂ ಅಲ್ಲ. ಇರುವ ಅಂಗಡಿಯ ವೇಳೆ, ಫಲಕ, ಪೊಟ್ಟಣ ಬದಲಿಸುವಷ್ಟಕ್ಕೆ ಆರಂಭದ ಖರ್ಚು ಸೀಮಿತವಾಗಿರಲಿ. ದೊಡ್ಡ ಯೋಜನೆಯಿದ್ದವರು ರಾಜ್ಯದ 2024-29ರ ಪ್ರವಾಸೋದ್ಯಮ ನೀತಿಯಲ್ಲಿರುವ ಪ್ರೋತ್ಸಾಹಗಳ ಬಗ್ಗೆ ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಮೊದಲು ವಿಚಾರಿಸುವುದು ಒಳಿತು.

ಪ್ರವಾಸಿಗರಿಗೆ ಸರಿಯಾದ ಮಾಹಿತಿ ಕೊಡುವುದೂ ವ್ಯಾಪಾರಿಯ ಹೊಣೆ. ಅಣೆಕಟ್ಟುಗಳ ಭದ್ರತಾ ವಲಯದಲ್ಲಿ ಛಾಯಾಗ್ರಹಣಕ್ಕೂ ಡ್ರೋನ್ ಹಾರಿಸುವುದಕ್ಕೂ ನಿರ್ಬಂಧಗಳಿವೆ. ಗರ್ಭಗುಡಿಯೊಳಗೆ ಚಿತ್ರ ತೆಗೆಯುವ ಮುನ್ನ ಅರ್ಚಕರನ್ನು, ಹೊಲದಲ್ಲಿ ದುಡಿಯುವವರ ಚಿತ್ರ ತೆಗೆಯುವ ಮುನ್ನ ಅವರನ್ನು ಕೇಳಬೇಕು. ನದಿ ಮತ್ತು ಹಿನ್ನೀರಿನ ಅಂಚಿಗೆ ಚಿತ್ರದ ಆಸೆಯಿಂದ ಇಳಿಯದಂತೆ ಎಚ್ಚರಿಸಬೇಕು. ಮಕ್ಕಳೊಂದಿಗೆ ಬಂದವರಿಗೆ ಇಂತಹ ಎಚ್ಚರಿಕೆಯ ಮಾತು ಆ ಊರಿನ ಮೇಲೆ ವಿಶ್ವಾಸ ಹುಟ್ಟಿಸುತ್ತದೆ.

ಯಾವುದೇ ಹಣ ಹೂಡುವ ಮೊದಲು ಮಾಡಬಹುದಾದ ಒಂದು ಕೆಲಸವಿದೆ. ಪ್ರತಿ ತಾಲ್ಲೂಕಿನ ವರ್ತಕರ ಸಂಘವು ತನ್ನ ಊರಿನ ಮುಖ್ಯ ಕೂಡುರಸ್ತೆಯಲ್ಲಿ ಸತತ ನಾಲ್ಕು ಭಾನುವಾರ ಒಬ್ಬ ಹುಡುಗನನ್ನು ಕೂರಿಸಿ ಬೆಳಗ್ಗೆ 6 ರಿಂದ ಸಂಜೆ 6ರವರೆಗೆ ಹೊರ ಊರಿನ ಕಾರುಗಳನ್ನು ಗಂಟೆಗಂಟೆಗೆ ಎಣಿಸಲಿ. ಅವುಗಳಲ್ಲಿ ಎಷ್ಟು ನಿಂತವು, ಎಷ್ಟು ಮುಂದೆ ಹೋದವು ಎಂಬುದನ್ನು ಬೇರೆ ಬೇರೆ ಬರೆದುಕೊಳ್ಳಲಿ. ಒಂದು ನೋಟ್ ಪುಸ್ತಕ ಮತ್ತು ನಾಲ್ಕು ದಿನದ ಕೂಲಿಯ ಖರ್ಚಿನಲ್ಲಿ ಈ ಅಂಕಿ ಕೈಗೆ ಬರುತ್ತದೆ. ಮುಂದಿನ ಸಭೆಯಲ್ಲಿ ನಾಲ್ಕೂ ಊರಿನವರು ಆ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವ ಊರಿನಲ್ಲಿ, ಯಾವ ಹೊತ್ತಿಗೆ, ಯಾರ ಅಂಗಡಿ ತೆರೆದಿರಬೇಕೆಂಬುದು ತೀರ್ಮಾನವಾದೀತು.